ಬಂದ ಅಂದರೆ ಬಂದ್

ಅಣವೀರಪ್ಪ ಮಾಸ್ತರರ ಮೂರನೇ ಇಯತ್ತೆಗೆ ಮಾತು ಕೇಳುವ ಬೋರ್ಡು ಬಂದದ್ದೇ ತಪ್ಪಾಯಿತು. ಆಂಟಾಪ್ ಹಿಲ್‌ನ ಆ ಕನ್ನಡ ಶಾಲೆಗೆಲ್ಲ ಅಂಥದು ಒಂದೇ. ಮಕ್ಕಳು ಸರಿಯಾಗಿ ಓದಿದರೆ ಪರದೆಯ ಮೇಲಿನ ಅಕ್ಷರ ಹಸಿರಾಗುತ್ತಿತ್ತು. ಪುಸ್ತಕ ಕಂಡರೆ ಬೆಂಚಿನ ಕೆಳಗೆ ಇಳಿಯುತ್ತಿದ್ದ ಸ್ನೇಹಲ್ ಕೂಡ ಹಸಿರಿನ ಆಸೆಗೆ ಓದಲು ಬಾಯಿ ಬಿಟ್ಟಿದ್ದಳು. ಪಕ್ಕದ ವರ್ಗದ ಮಹಾದೇವಿ ಟೀಚರ್‌ಗೂ ಅದರ ಮೇಲೇ ಕಣ್ಣು. ಬೋರ್ಡು ಯಾರ ಬಳಿ ಇರಬೇಕೆಂದು ಇವತ್ತು ಶಾಲಾ ತಪಾಸಣೆಯ ಸಾಹೇಬರು ನೋಡಿ ಹೇಳುವವರಿದ್ದರು.

ಬೆಳಿಗ್ಗೆ ಸ್ನೇಹಲ್ "ಅಜ್ಜ ಬಂದ" ಅಂತ ಓದಿದಳು. ಬೋರ್ಡು ಕಪ್ಪಾಯಿತು. ಮತ್ತೆ ಚಾಲೂ ಮಾಡಿದರು. "ಮಾವ ಬಂದ." ಮತ್ತೆ ಕಪ್ಪು.

"ಅದಕ್ಕ ಹಿಂದೀನೂ ತಿಳೀತದ್ರಿ ಸರ್," ಅಂದರು ಬಾಗಿಲಲ್ಲಿ ನಿಂತ ಮಹಾದೇವಿ ಟೀಚರ್, ನಗು ನುಂಗುತ್ತ. "ಬಂದ ಅಂದ್ರ ಬಂದ್ ಆಗ್ತದ. ನಮಗ ಕೊಟ್ಟುಬಿಡ್ರಿ, ನಮ್ಮ ಪಾಠದಾಗ ಬರೇ ಗಿಡಾ, ಬಳ್ಳಿ ಅದಾವ."

ಮಾಸ್ತರರು ಬಿಟ್ಟಾರೆಯೇ? ಪರದೆಯ ಪಾಠದಲ್ಲಿ ಬಂದವರನ್ನೆಲ್ಲ ಅಳಿಸಿ 'ಆಗಮಿಸಿದ' ಎಂದು ಮಾಡಿದರು. ಅಜ್ಜ ಆಗಮಿಸಿದ, ಮಾವ ಆಗಮಿಸಿದ, ಹಾಲಿನವನೂ ಆಗಮಿಸಿದ. ವರ್ಗದಲ್ಲಿ 'ಬಂದ' ಅನ್ನುವ ಮಾತೇ ಎತ್ತಬಾರದೆಂದು ತಾಕೀತು ಆಯಿತು. ಮೂರನೇ ಇಯತ್ತೆ ಮದುವೆ ಕಾರ್ಡಿನ ಹಾಗೆ ಮಾತಾಡತೊಡಗಿತು.

"ಸರ್, ಸಂತು ಲೇಟಾಗಿ ಆಗಮಿಸ್ಯಾನ್ರಿ," ಎಂದು ಸ್ನೇಹಲ್ ಚಾಡಿಯನ್ನೂ ಹೇಳಿದಳು.

ಮಧ್ಯಾಹ್ನ ಎಲ್ಲ ತಯಾರು. ಬೋರ್ಡು ಬೆಳಗುತ್ತಿತ್ತು. ಅಷ್ಟರಲ್ಲಿ ಶಾಲೆಯ ಸಿಪಾಯಿ ಈರಣ್ಣ ಓಡುತ್ತ ಬಂದು ಒಳಗೆ ತಲೆ ಹಾಕಿದ.

"ಸಾಹೇಬ್ರು ಬಂದ್ರು."

ಅವನಿಗೊಬ್ಬನಿಗೆ ತಾಕೀತು ಮಾಡುವುದು ಮರೆತುಹೋಗಿತ್ತು. ಬೋರ್ಡು ಕಪ್ಪಾಯಿತು, ಮಾಸ್ತರರ ಮುಖವೂ. ಗುಂಡಿ ಒತ್ತಿದರು, ರಿಮೋಟು ಬಡಿದರು, ಶಿವಶಿವಾ ಅಂದರು. ಬೆಳಿಗ್ಗೆ ಎರಡು ಸಲ ಎದ್ದದ್ದು ಈಗ ಮುನಿಸಿಕೊಂಡು ಮಲಗಿತ್ತು. ಒಳಗೆ ಬಂದು ನಿಂತ ಸಾಹೇಬರು ಗಡಿಯಾರ ನೋಡಿಕೊಂಡರು.

ಸರ್‌ಗೆ ಬೈಗುಳ ಬೀಳುತ್ತದೆಂದು ಸ್ನೇಹಲ್‌ಗೆ ಹೆದರಿಕೆಯಾಯಿತು. ಚೀಲದಿಂದ ಪುಸ್ತಕ ತೆಗೆದು, ಸಾಲಿನ ಮೇಲೆ ಬೆರಳಿಟ್ಟು, "ಅಜ್ಜ ಬಂದ. ಮಾವ ಬಂದ," ಎಂದು ಪಾಠ ಪೂರ್ತಿ ಓದಿಬಿಟ್ಟಳು. ಕಾಗದದ ಮೇಲಿನದನ್ನು ಅವಳು ಓದಿದ್ದು ಇದೇ ಮೊದಲು. ಮಾಸ್ತರರಿಗೆ ಕಣ್ಣು ತುಂಬಿ ಬಂತು. ಅಷ್ಟು ಖುಷಿ ಅವರಿಗೆ ಪಗಾರದ ದಿನವೂ ಆಗಿರಲಿಲ್ಲ.

ಸಾಹೇಬರು ಬೆನ್ನು ತಟ್ಟಿದರು. "ಶಭಾಷ್ ಮಾಸ್ತರ. ಬೋರ್ಡು ಇಲ್ಲದನ ಇಷ್ಟು ಓದಸ್ತೀರಿ ಅಂದ ಮ್ಯಾಲೆ ನಿಮಗದು ಯಾಕ? ಈರಣ್ಣ, ಇದನ್ನ ಮಹಾದೇವಿ ಟೀಚರ್ ವರ್ಗಕ್ಕ ದೂಡು."

ಬೋರ್ಡಿನ ಗಾಲಿ ಕಿರುಗುಟ್ಟುತ್ತ ಹೊರಟಿತು. ಮಹಾದೇವಿ ಟೀಚರ್ ಬಾಗಿಲು ಹಿಡಿದು ದಾರಿ ಮಾಡಿಕೊಟ್ಟರು.

ಸ್ನೇಹಲ್ ಮಾಸ್ತರರ ಅಂಗಿ ಜಗ್ಗಿದಳು. "ಸರ್, ಬೋರ್ಡ್ ವಾಪಸ್ ಬರ್ತದೇನ್ರಿ?"

"ಇಲ್ಲವಾ," ಅಂದರು ಅಣವೀರಪ್ಪ ಮಾಸ್ತರರು. "ಇನ್ನ ಅದು ಆಗಮಿಸೂದಿಲ್ಲ."