ವಾಚು ಕೊಟ್ಟ ದಣಿವು

“ಮುಂಜಾನೆದ್ದು ಹಾಡು ಗುನುಗಿಕೋತ ಗಡ್ಡ ಮಾಡ್ಕೊಂಡವ್ರು ನೀವ. ಈಗ ನೋಡಿದ್ರ ದಣದೇನಿ ಅಂತೀರಲ್ರಿ.”

“ಆವಾಗ ನನಗ ಗೊತ್ತಿರ್ಲಿಲ್ಲ. ಮೊಬೈಲ್ ನೋಡಿದ ಮ್ಯಾಲ ಗೊತ್ತಾತು.”

“ದಣದದ್ದು ಗೊತ್ತಾಗಾಕ ಮೊಬೈಲ್ ನೋಡಬೇಕೇನ್ರಿ?”

ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುವ ಸಂಗಮೇಶ ಸರ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಹೆಂಡತಿ ದಾನೇಶ್ವರಿ ಸೊಂಟಕ್ಕೆ ಕೈಯಿಟ್ಟು ಎದುರಿಗೇ ನಿಂತಿದ್ದಳು. ಅಂದು ಸರ್ ಸಿಂದಗಿಗೆ ಹೋಗಿ ಭಾಷಣ ಮಾಡಬೇಕಿತ್ತು. ವಿಷಯ, ‘ಆ್ಯಪುಗಳ ಕಾಲದಲ್ಲಿ ಮನುಷ್ಯನ ಸ್ವಂತ ಇಚ್ಛೆ’. ಯಂತ್ರದ ಮಾತಿಗೆ ತಲೆಬಾಗಬಾರದೆಂದು ವಾರವಿಡೀ ಬರೆದು, ಕನ್ನಡಿಯ ಮುಂದೆ ಓದಿ, ಒಂದೆರಡು ಕಡೆ ತಮಗೆ ತಾವೇ ಚಪ್ಪಾಳೆಯನ್ನೂ ತಟ್ಟಿಕೊಂಡಿದ್ದರು. ಆದರೆ ಬೆಳಿಗ್ಗೆ, ಕೈಗಡಿಯಾರದಿಂದ ನಿದ್ದೆ ಅಳೆಯುವ ಆ್ಯಪು ಅವರಿಗೆ ನೂರಕ್ಕೆ ಮೂವತ್ತೊಂದು ಅಂಕ ಕೊಟ್ಟು, ಇಂದು ವಿಶ್ರಾಂತಿ ತೆಗೆದುಕೊಳ್ಳಿ ಎಂದಿತ್ತು. ಹುಟ್ಟಿದಾಗಿನಿಂದ ಫೇಲಾಗದ ಸರ್‌ಗೆ ಆ ಕ್ಷಣದಿಂದಲೇ ಮೊಣಕಾಲು ಸೆಳೆಯತೊಡಗಿತು.

“ನಿಮಗ ಏನಾಗೇತಿ, ಬಾಯಿಬಿಟ್ಟು ಹೇಳ್ರಿ.”

“ಗಾಢ ನಿದ್ದಿ ಕಡಿಮಿ ಆಗೇತಿ.”

“ಅದು ಅದರ ಮಾತು. ನಿಮಗ ಏನಾಗೇತಿ?”

ಸರ್ ಪ್ರಾಮಾಣಿಕವಾಗಿ ಹುಡುಕಿ ನೋಡಿದರು. ಏನೂ ಆಗಿರಲಿಲ್ಲ. ಹಾಗೆಂದು ಹೇಳಲು ನಾಚಿಕೆಯಾಗಿ, ಭಾಷಣ ಏರ್ಪಡಿಸಿದ್ದ ಸಿಂದಗಿಯ ಅನೀಲಕುಮಾರನಿಗೆ ಫೋನ್ ಮಾಡಿ, ಆರೋಗ್ಯ ತೀರಾ ಕೆಟ್ಟಿದೆ, ಬರಲಾಗದು ಎಂದರು. ದನಿ ತಾನಾಗಿಯೇ ನಡುಗಿತು. ಅವನು ಕಳವಳದಿಂದ, ಡಾಕ್ಟರರಿಗೆ ತೋರಿಸಿದಿರಾ ಎಂದು ವಿಚಾರಿಸಿದ. ತೋರಿಸಲು ಏನಿದೆ ಎಂದು ಸರ್ ಮತ್ತೆ ಆ್ಯಪು ತೆರೆದವರು ಬೆವರಿಬಿಟ್ಟರು.

“ದಾನೇಶ್ವರಿ, ನಾ ನಡುರಾತ್ರಿ ಎದ್ದು ಮನಿತುಂಬ ಅಡ್ಡಾಡೇನಂತ. ನನಗ ಖಬರೇ ಇಲ್ಲ. ನಿದ್ದಿಗಣ್ಣಾಗ ನಡ್ಯಾಕತ್ತೇನಿ. ಇದು ದೊಡ್ಡ ಬ್ಯಾನಿ.”

“ಅಡ್ಡಾಡಿದಾಕಿ ನಾನ್ರಿ. ಬೆಕ್ಕು ಹಾಲಿನ ಬೋಗಾಣಿ ಕೆಡವಿತ್ತು.”

“ನೀ ಅಡ್ಡಾಡಿದ್ರ ನನ್ನ ವಾಚಿಗೆ ಹೆಂಗ ತಿಳೀತು?”

“ರಾತ್ರಿ ನಿದ್ದಿಗಣ್ಣಾಗ ಕೈ ತುರಸ್ತೈತಿ ಅಂತ ನೀವು ಬಿಚ್ಚಿಟ್ಟಿದ್ರಿ. ಅದು ಏನ್ ಹೇಳ್ತೈತಿ ನೋಡೂಣು ಅಂತ ನಾ ಕಟ್ಕೊಂಡಿದ್ದೆ. ಮುಂಜಾನಿ ಬಿಚ್ಚಿ ಅಲ್ಲೇ ಇಟ್ಟೆ.”

“ಹಂಗಾದ್ರ ಈ ಮೂವತ್ತೊಂದು ಅಂಕ?”

“ನನ್ನವು.”

“ನನ್ನ ದಣಿವು?”

“ಅದೂ ನಂದ. ವಾಪಸ್ ಕೊಡ್ರಿ.”

ಸರ್ ಕುರ್ಚಿಯಿಂದ ಚಂಗನೆ ಎದ್ದರು. ಮೊಣಕಾಲು ಒಂದು ಮಾತೂ ಆಡಲಿಲ್ಲ. ಅನೀಲಕುಮಾರನಿಗೆ ಮತ್ತೆ ಫೋನ್ ಮಾಡಿ, ದೇವರ ದಯೆಯಿಂದ ಗುಣವಾಯಿತು, ಹೊರಟೆ ಎಂದರು. ಅಷ್ಟು ಬೇಗ ಗುಣವಾದ ಬೇನೆಯ ಹೆಸರೇನೆಂದು ಅವನು ಕೇಳುವಷ್ಟರಲ್ಲಿ ಕರೆ ಕತ್ತರಿಸಿ, ಬೇಗ ಎರಡು ರೊಟ್ಟಿ ಬಡಿದುಕೊಡೆಂದು ಹೆಂಡತಿಯತ್ತ ತಿರುಗಿದರು. ದಾನೇಶ್ವರಿ ಚಾಪೆ ಹಾಸಿ ಮಲಗಿದ್ದಳು.

“ಬಸ್‌ಸ್ಟ್ಯಾಂಡಿನಾಗ ಏನರ ತಿಂದು ಹೋಗ್ರಿ. ನಂದು ಇವತ್ತು ವಿಶ್ರಾಂತಿ. ಅದ ಹೇಳೇತಿ.”

“ಇಷ್ಟೊತ್ತು ಅದರ ಮಾತು ಕೇಳಬ್ಯಾಡಂತ ನನ್ನ ಜೋಡಿ ಜಗಳಾಡಿದಾಕಿ ನೀನ ಅಲ್ಲೇನು?”

“ಹೌದ್ರಿ. ಆದ್ರ ಈ ಮನ್ಯಾಗ ರಾತ್ರಿ ನಿಮ್ಮ ಗೊರಕಿ ಜೋಡಿ ನಾ ಹೆಂಗ ಮಲಗ್ತೇನಿ ಅಂತ ನೋಡಿದ್ದು ಅದೊಂದ. ಅದರ ಒಂದು ಮಾತು ಕೇಳಬಾರದೇನು?”

ತರ್ಕಶಾಸ್ತ್ರದ ಸರ್ ಒಳಗೆ ಹೋಗಿ, ಹುಡುಕಾಡಿ ಚಹಾ ಪುಡಿ ಕಂಡುಹಿಡಿದು, ಒಂದು ಕಪ್ ಚಹಾ ಮಾಡಿ ತಂದು ಅವಳ ತಲೆಯ ಹತ್ತಿರ ಇಟ್ಟರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಕೇಳದ ಪ್ರಶ್ನೆಯೊಂದು ಬಾಯಿಗೆ ಬಂತು.

“ರಾತ್ರಿ ನಿದ್ದಿ ಹೆಂಗಾತು?”

ದಾನೇಶ್ವರಿ ಕಣ್ಣು ತೆರೆಯಲಿಲ್ಲ.

“ಮೊಬೈಲ್‌ನ್ಯಾಗ ಐತಲ್ಲ, ನೋಡ್ಕೋರಿ.”