ಸಾಕ್ಷಿ ಇಲ್ಲದ ಕರಾರು

ದಸ್ತಾವೇಜಪ್ಪನವರ ಮನೆಯ ಕಂಪ್ಯೂಟರು ಬಹಳ ನಿಧಾನಸ್ಥ. ಅದರ ಗುಂಡಿ ಒತ್ತಿ ಹೋದರೆ, ಅವರು ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು, ತಿಂಡಿ ತಿಂದು ಬರುವಷ್ಟರಲ್ಲಿ ಅರ್ಧ ಕಣ್ಣು ತೆರೆದಿರುತ್ತಿತ್ತು. ದಸ್ತಾವೇಜಪ್ಪನವರಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ. ಮೂವತ್ತು ವರ್ಷ ಕ್ರಯಪತ್ರ, ವಿಭಾಗಪತ್ರ ಬರೆದೂ ಬರೆದೂ ಈ ಹೆಸರು ಅಂಟಿಕೊಂಡಿತ್ತು.

"ಹಳೇ ಸಿಸ್ಟಮ್ ಅಳಿಸಿ ಹೊಸದು ಹಾಕಿಬಿಡಿ. ಗಾಳಿಯ ಹಾಗೆ ಓಡತ್ತೆ" ಎಂದು ಪಕ್ಕದ ಮನೆಯ ಬಸ್ ಕಂಡಕ್ಟರು ಒಂದು ಕರಿ ಪೆನ್‌ಡ್ರೈವ್ ತಂದುಕೊಟ್ಟರು.

ಹೆಂಡತಿ ಬಾಗಿಲಲ್ಲೇ ನಿಂತರು. "ರೀ, ಅದರಲ್ಲಿ ಅಮ್ಮನ ಹಾಡಿದೆ. ಸಂಜೆ ಅದನ್ನ ಕೇಳೋಕೇ ಅಣ್ಣ ಬರ್ತಿದಾನೆ. ಜ್ಞಾಪಕ ಇರಲಿ."

"ನನಗೆ ಅಷ್ಟೂ ತಿಳಿಯಲ್ವೇನೆ?"

ತೀರಿಕೊಂಡ ಅತ್ತೆಯ ದನಿ ಉಳಿದಿದ್ದದ್ದು ಆ ಒಂದು ಹಾಡಿನಲ್ಲಿ. ತೆರೆಯ ಮೇಲಿದ್ದ ಹಾಡಿನ ಪುಟ್ಟ ಐಕಾನ್ ಚಿತ್ರವನ್ನು ದಸ್ತಾವೇಜಪ್ಪ ತಮ್ಮ ಕೆಂಪು ಪೆನ್‌ಡ್ರೈವಿಗೆ ಎಳೆದು ಹಾಕಿದರು. ಅಲ್ಲಿಂದಲೇ ಒತ್ತಿ ನೋಡಿದರು, ಅತ್ತೆ ಹಾಡಿದರು. ಮೊದಲ ಚರಣ ಮುಗಿಯುತ್ತಲೇ ಎಂದಿನಂತೆ ಕೈಮುಗಿದು ನಿಲ್ಲಿಸಿದರು. ಎರಡನೆಯ ಚರಣ ಕೇಳುವ ತಾಳ್ಮೆ ಅವರಿಗೆ ಎಂದೂ ಇರಲಿಲ್ಲ.

ಕರಿ ಪೆನ್‌ಡ್ರೈವ್ ಚುಚ್ಚಿದೊಡನೆ ತೆರೆಯ ಮೇಲೆ ಉದ್ದನೆಯ ಕರಾರು ಮೂಡಿತು. ಕೆಳಗೆ 'ಒಪ್ಪುತ್ತೇನೆ' ಎಂಬ ಗುಂಡಿ.

"ಒತ್ತಿ ಮುಂದೆ ಹೋಗಿ" ಎಂದರು ಕಂಡಕ್ಟರು.

"ಓದದೆ ಒಪ್ಪೋದೇ? ಶಾಂತಂ ಪಾಪಂ!" ದಸ್ತಾವೇಜಪ್ಪ ಕನ್ನಡಕ ಒರೆಸಿಕೊಂಡರು. ಮುಕ್ಕಾಲು ಗಂಟೆ ಓದಿ ಬೆವರಿದರು. "ಇದೇನ್ರೀ ಇದು? ನಾಲ್ಕು ದಿಕ್ಕಿನ ಚೆಕ್ಕುಬಂದಿ ಇಲ್ಲ, ಸಾಕ್ಷಿಗಳ ಸಹಿಗೆ ಜಾಗವೂ ಇಲ್ಲ!"

"ನಾನೇ ಸಾಕ್ಷಿ, ಒತ್ತಿ ಸ್ವಾಮಿ!"

ಒತ್ತಿದರು. ಡಿಸ್ಕನ್ನು ಭಾಗ ಮಾಡಲೇ ಎಂದು ಕೇಳಿತು. ಪಾಲುದಾರರೆಲ್ಲ ಒಟ್ಟಿಗೆ ಕೂರದೆ ಭಾಗ ಹೇಗೆ ಎಂದು ಮತ್ತೊಂದು ತಾಸು ಗೊಂದಲ. ಕೊನೆಗೆ ಎಲ್ಲವನ್ನೂ ಅಳಿಸಲು ಒಪ್ಪಿದರು. ಕಂಪ್ಯೂಟರು ಗರಗರ ಸದ್ದು ಮಾಡಿ, ಆರಿ, ಮತ್ತೆ ಹೊತ್ತಿತು. ನೋಡಿದರೆ ಅದೇ ಕರಾರು!

"ನನ್ನ ಒಪ್ಪಿಗೆ ಅದಕ್ಕೆ ಒಪ್ಪಿಗೆಯಾಗಿಲ್ಲ" ಎಂದು ದಸ್ತಾವೇಜಪ್ಪ ಮೊದಲಿನಿಂದ ಓದತೊಡಗಿದರು. ಮೂರನೇ ಸಲವೂ ಅದೇ ಕರಾರು ಎದುರಾದಾಗ, ತಪ್ಪು ಯಂತ್ರದ್ದೋ ತಮ್ಮ ಪೂರ್ವಜನ್ಮದ್ದೋ ತಿಳಿಯದೆ ಕಣ್ಣುಮುಚ್ಚಿ ಕುಳಿತರು.

ಮಹಡಿ ಮನೆಯ ಟೀಚರಮ್ಮ ಇಳಿದು ಬಂದು ನೋಡಿದರು. "ಅಯ್ಯೋ, ಕರಿ ಪೆನ್‌ಡ್ರೈವ್ ಕೀಳ್ರಿ! ಅದು ಅಲ್ಲೇ ಇದ್ರೆ ಪ್ರತಿ ಸಲ ಮೊದಲಿಂದಲೇ ಶುರುವಾಗತ್ತೆ."

ಕಿತ್ತರು. ಹೊಸ ಸಿಸ್ಟಮ್ ಮದುಮಗನ ಹಾಗೆ ಥಳಥಳ ಎದ್ದು ಬಂತು. ಅಷ್ಟರಲ್ಲಿ ಭಾವಮೈದನೂ ಬಂದು ಕುರ್ಚಿ ಎಳೆದುಕೊಂಡು ಕೂತ.

ದಸ್ತಾವೇಜಪ್ಪ ಕೆಂಪು ಪೆನ್‌ಡ್ರೈವ್ ಹಾಕಿ ಹಾಡು ಒತ್ತಿದರು. 'ಫೈಲ್ ಸಿಗುತ್ತಿಲ್ಲ.' ಮತ್ತೆ ಒತ್ತಿದರು. ಸಿಗಲಿಲ್ಲ.

ಟೀಚರಮ್ಮ ಬಗ್ಗಿ ನೋಡಿದರು. "ಚಿತ್ರದ ಮೂಲೇಲಿ ಈ ಸಣ್ಣ ಬಾಣ ನೋಡಿದ್ರಾ? ನೀವು ಕಾಪಿ ಮಾಡಿರೋದು ಹಾಡಲ್ಲ, ಹಾಡಿಗೆ ದಾರಿ ತೋರಿಸೋ ಬೋರ್ಡು."

"ಬೆಳಿಗ್ಗೆ ಹಾಡಿತಲ್ಲಮ್ಮಾ!"

"ಆಗ ಮನೆ ಇತ್ತು, ಬೋರ್ಡು ದಾರಿ ತೋರಿಸ್ತು. ಈಗ ಮನೆ ಕೆಡವಿದೀರಿ. ಅದೂ ಎರಡು ಸಲ."

ದಸ್ತಾವೇಜಪ್ಪ ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ಕೀಲಿಮಣೆಯನ್ನೇ ನೋಡುತ್ತಾ, "ಕಳೆದುಬಿಟ್ಟೆ ಕಣೇ" ಎಂದರು.

ಹೆಂಡತಿ ಒಳಗೆ ಹೋಗಿ ಬೀರುವಿನಿಂದ ಒಂದು ಹಳೇ ಫೋನು ತಂದರು. "ನನ್ನ ಹತ್ರ ಇನ್ನೊಂದು ಇದೆ, ಬಿಡಿ."

ಹಾಡು ಶುರುವಾಯಿತು. ದಸ್ತಾವೇಜಪ್ಪನವರ ಕಣ್ಣು ತುಂಬಿಬಂತು. ದೇವರು ದೊಡ್ಡವನು ಎಂದುಕೊಂಡು, ಜೀವನದಲ್ಲಿ ಮೊದಲ ಸಲ ಕೊನೆಯ ಚರಣದವರೆಗೂ ಕುಳಿತು ಕೇಳಿದರು.

ಹಾಡು ಮುಗಿದ ಮೇಲೆ ಫೋನಿನಲ್ಲಿ ಅತ್ತೆ ಕೆಮ್ಮಿದರು.

"ಮಗಳೇ, ಇದನ್ನ ಬೇರೆ ಕಡೆಯೂ ಒಂದು ಇಟ್ಕೋ. ಅಳಿಯಂದಿರು ದೇವರಂಥವರು. ಆದರೆ ನನ್ನ ಹೊಲಿಗೆ ಮಿಷನ್ನು ಸರಿಮಾಡ್ತೀನಿ ಅಂತ ಕೂತರಲ್ಲ, ಅವತ್ತಿಂದ ನನಗೆ ಭಯ. ಅವರ ಕೈಗೆ ಮಾತ್ರ ಕೊಡಬೇಡ."

ಕಂಡಕ್ಟರು ಜೇಬಿನಿಂದ ಪೆನ್ನು ತೆಗೆದರು.

"ದಸ್ತಾವೇಜಪ್ಪೋರೇ, ಸಾಕ್ಷಿ ಬೇಕು ಅಂತಿದ್ರಲ್ಲ? ಇದಕ್ಕಾದ್ರೆ ನಾವೆಲ್ಲ ಸಹಿ ಹಾಕ್ತೀವಿ."