ಇಬ್ಬರು ಅಳಿಯಂದಿರ ನಡುವೆ ಒಂದು ಕಂಪ್ಯೂಟರ್

ಇಂದ:
ಮಾಲತಿ ಬೊಮ್ಮಯ್ಯ ಪಟಗಾರ,
ಬಿಲ್ ಗುಮಾಸ್ತೆ (ನಿನ್ನೆಯವರೆಗೆ),
ಹೊಳನಗದ್ದೆ, ಕುಮಟಾ

ಗೆ:
ಶ್ರೀ ಮಹಾಬಲ ನಾಯ್ಕರು,
ಮಾಲಕರು, ಸಾಗರಶ್ರೀ ಐಸ್ ಫ್ಯಾಕ್ಟರಿ,
ಹೊನ್ನಾವರ

ವಿಷಯ: ನ್ಯಾಯವಾಗಿ ವರದಿ ಕೊಟ್ಟ ಅಪರಾಧಕ್ಕೆ ಕ್ಷಮೆ ಕೋರಿ.

ಉಲ್ಲೇಖ: ಮಾಲಕರು ಸ್ಕೂಟರ್ ನಿಲ್ಲಿಸದೆಯೇ ನೀಡಿದ ಮೌಖಿಕ ಆದೇಶ: "ನಾಳಿಂದ ಬರೂದೇ ಬೇಡ ನೀನು."

ಮಾನ್ಯರೇ,

ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ,

1. 2005ರ ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿಯುವ ಹೊತ್ತಿಗೆ ಫ್ಯಾಕ್ಟರಿಗೆ ಕಂಪ್ಯೂಟರ್ ಬಂತು. ಕುಮಟಾದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ತಮ್ಮ ಹಿರಿಯ ಅಳಿಯ ಭಾಸ್ಕರ ಅವರು ಅದಕ್ಕೆ ವಿಂಡೋಸ್ ಹಾಕಬೇಕೆಂದರು. ಭಟ್ಕಳದಲ್ಲಿ ಕಂಪ್ಯೂಟರ್ ಕಲಿಸುವ ಕಿರಿಯ ಅಳಿಯ ನರೇಶ ಅವರು, ಪುಕ್ಕಟೆ ಸಿಗುವ ಲಿನಕ್ಸ್ ಇರುವಾಗ ಬೇರೆಯದೇಕೆ ಎಂದರು. ಕಾರಣ, ತಾವು ಅರ್ಜಿದಾರಳನ್ನು ಕರೆದು, "ಮಾಲತಿ, ನೀನು ಯಾರ ಕಡೆಯವ್ಳೂ ಅಲ್ಲ. ಎರಡೂ ನೋಡಿ ಯಾವ್ದು ಲಾಯ್ಕು ಹೇಳು" ಎಂದಿರಿ. ಅರ್ಜಿದಾರಳು ಈ ಮಾತನ್ನು ನಂಬಿದ್ದೇ ಪ್ರಕರಣದ ಮೂಲ.

2. ಅದರಂತೆ ಎರಡನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಲಾಯಿತು. ವಿಂಡೋಸಿನಲ್ಲಿ ಬಿಲ್ಲಿನ ಪ್ರೋಗ್ರಾಂ ನಡೆಯಿತು, ನಮ್ಮ ಹಳೆಯ ಪ್ರಿಂಟರೂ ಮಾತು ಕೇಳಿತು. ಆದರೆ ಭಾಸ್ಕರ ಅವರು ತಂದ ಹಾಡಿನ ಸೀಡಿಯ ಜೊತೆ ವೈರಸ್ಸೂ ಬಂತು. ಲಿನಕ್ಸಿಗೆ ವೈರಸ್ ತಗಲಲಿಲ್ಲ. ಬಿಲ್ಲಿನ ಪ್ರೋಗ್ರಾಂ ಕೂಡ ತಗಲಲಿಲ್ಲ. ಆದ್ದರಿಂದ "ಸದ್ಯ ಬಿಲ್ಲಿಗೆ ವಿಂಡೋಸ್, ಪತ್ರವ್ಯವಹಾರಕ್ಕೆ ಲಿನಕ್ಸ್" ಎಂದು ಬರೆದು ಒಪ್ಪಿಸಲಾಯಿತು.

3. ವೈರಸ್ಸಿನ ಸಾಲು ಓದಿ ಹಿರಿಯ ಅಳಿಯಂದಿರು ಊಟ ಬಿಟ್ಟೆದ್ದರು. ಬಿಲ್ಲಿನ ಸಾಲು ಓದಿ ಕಿರಿಯ ಅಳಿಯಂದಿರು ಹೆಂಡತಿಯನ್ನು ತವರಿಗೆ ಕಳಿಸುವುದಿಲ್ಲವೆಂದರು. ತಮ್ಮ ಧರ್ಮಪತ್ನಿ ಮಾಸ್ತಮ್ಮನವರು ಫೋನಿನಲ್ಲಿ, "ಎಂತಕ್ಕೆ ಬೇಕಿತ್ತೇ ನಿಂಗೆ? ಎರಡೂ ಚಲೋ ಅದೆ ಅಂತ ಬರೆದ್ರೆ ಕೈ ಸವೀತಿತ್ತಾ?" ಎಂದು ಅತ್ತರು. ತಾವು "ಆತು, ಎರಡೂ ಇರ್ಲಿ" ಎಂದು ಒಂದೇ ಯಂತ್ರಕ್ಕೆ ಎರಡನ್ನೂ ಹಾಕಿಸಿದಿರಿ. ಯಾವ ಅಳಿಯ ಬಂದರೆ ಅವರದನ್ನು ತೆರೆದು ತೋರಿಸಬೇಕೆಂಬುದು ಆದೇಶ.

4. ಮೊನ್ನೆ ಇಬ್ಬರೂ ಒಟ್ಟಿಗೇ ಬಂದರು. ಒಬ್ಬರು ಕಂಪ್ಯೂಟರ್ ಆರಿಸುವುದು, ಇನ್ನೊಬ್ಬರು ತಮ್ಮದಕ್ಕೆ ಹಚ್ಚುವುದು. ಹೊರಗೆ ಐಸ್ ತುಂಬಿದ ಲಾರಿ. ಚಾಲಕ ದಾಸ ಕಿಟಕಿಯಲ್ಲಿ ಇಣುಕಿ, "ಮಾಲತಕ್ಕ, ಬಿಲ್ ಬರೂದ್ರೊಳಗೆ ನಾನು ನೀರು ಹೊತ್ಕಂಡು ಹೋಗ್ಬೇಕಾ?" ಎಂದು ಕೂಗಿದ. ಅರ್ಜಿದಾರಳು ಕೈಯಲ್ಲೇ ಬಿಲ್ ಬರೆದು ಲಾರಿ ಕಳಿಸಿದಳು. ಇಬ್ಬರೂ ಅಳಿಯಂದಿರು ಮೊದಲ ಬಾರಿಗೆ ಒಮ್ಮತಕ್ಕೆ ಬಂದು, ಇವಳಿಗೆ ಕಂಪ್ಯೂಟರೇ ಬರುವುದಿಲ್ಲವೆಂದು ತಮಗೆ ದೂರಿದರು. ನಿನ್ನೆ ಮೇಲೆ ಉಲ್ಲೇಖಿಸಿದ ಆದೇಶವಾಯಿತು. ಆ ಸಂಜೆ ಹೊಳನಗದ್ದೆ ಮುಟ್ಟುವವರೆಗೂ ಅರ್ಜಿದಾರಳು ಬಸ್ಸಿನ ಕಿಟಕಿಗೆ ಮುಖ ಮಾಡಿ ಕುಳಿತಿದ್ದಳು. ಇದು ಪ್ರಕರಣಕ್ಕೆ ಸಂಬಂಧಪಡದ ಕಾರಣ ಕೈಬಿಡಲಾಗಿದೆ.

ಆದ್ದರಿಂದ ಅರ್ಜಿದಾರಳನ್ನು ಕೆಲಸದಿಂದ ತೆಗೆಯದೆ, ಐಸ್ ಒಡೆಯುವ ಕಡೆಗಾದರೂ ಹಾಕಬೇಕಾಗಿ ವಿನಂತಿ. ಅಲ್ಲಿ ಯಾರೂ ಅಭಿಪ್ರಾಯ ಕೇಳುವುದಿಲ್ಲ.

ಇಬ್ಬರ ವಿಶ್ವಾಸವನ್ನೂ ಸಮನಾಗಿ ಕಳೆದುಕೊಂಡ,
ತಮ್ಮ ವಿಶ್ವಾಸಿ,
ಮಾಲತಿ

ಲಗತ್ತು: ಸದರಿ ವರದಿ, ಒಂದು ಪ್ರತಿ (ತಾವಿನ್ನೂ ಓದದಿರುವುದು).

ವಿ.ಸೂ.: ತಮ್ಮ ಮೂರನೆಯ ಮಗಳು ಧನ್ಯಾಳಿಗೆ ಗಂಡು ನೋಡುತ್ತಿರುವುದಾಗಿ ತಿಳಿದುಬಂದಿದೆ. ಜಾತಕದ ಜೊತೆಗೆ, ಹುಡುಗನಿಗೆ ಕಂಪ್ಯೂಟರ್ ಬರುವುದಿಲ್ಲವೆಂಬ ದೃಢೀಕರಣ ಪತ್ರವನ್ನೂ ಕೇಳಿ ಪಡೆಯಬೇಕಾಗಿ ಕೋರಿದೆ.